ನೂರಾ ಹನ್ನೆರಡನೆಯ ಪುಟ

ಅಷ್ಟೂ ರಗಳೆಗೆ ಕಾರಣ ಒಂದು ಕಂದು ಕಾಗದದ ಹೊದಿಕೆ. ಜಪಾನಿನಲ್ಲಿ ಪುಸ್ತಕ ಕೊಂಡ ಕೂಡಲೇ ಅಂಗಡಿಯವರು ಅದಕ್ಕೊಂದು ಕಾಗದದ ಅಂಗಿ ತೊಡಿಸಿ ಕೊಡುತ್ತಾರೆ. ನೀವು ಓದುತ್ತಿರುವುದು ಬುದ್ಧನ ಸೂತ್ರವೋ, ಹೆಂಡತಿಗೆ ತಿಳಿಯಬಾರದ ಕತೆಯೋ, ರೈಲಿನಲ್ಲಿ ಪಕ್ಕದವರಿಗೆ ಗೊತ್ತಾಗಬಾರದಲ್ಲ! ತುಂಬ ಮರ್ಯಾದಸ್ಥ ಪದ್ಧತಿ. ಕಾಮೋಶಿದಾನ ಮರ್ಯಾದೆಗೆ ಮಾತ್ರ ಅದರಿಂದ ಏನೂ ಉಪಯೋಗವಾಗಲಿಲ್ಲ.

ಕಾಮೋಶಿದಾ ಪೈಪು ತಯಾರಿಸುವ ಕಂಪನಿಯಲ್ಲಿ ಗುಮಾಸ್ತ. ವಯಸ್ಸು ಐವತ್ತೇಳು. ಪುಸ್ತಕ ಕೊಳ್ಳುವುದರಲ್ಲಿ ಶೂರ. ಓದುವ ಮಾತು ಬೇರೆ. ಮನೆಯ ಹಿಂದಿನ ನಾಲ್ಕೂವರೆ ಚಾಪೆ ಹಿಡಿಸುವಷ್ಟು ಪುಟ್ಟ ಕೋಣೆಯಲ್ಲಿ ಇನ್ನೂರಾರು ಪುಸ್ತಕಗಳು ಓದುವವರಿಲ್ಲದೆ ಕೂತಿದ್ದವು. ಪ್ರತಿಯೊಂದರಲ್ಲೂ ಇಪ್ಪತ್ತನೆಯ ಪುಟದ ಆಸುಪಾಸಿನಲ್ಲಿ ಒಂದು ಗುರುತಿನ ಚೀಟಿ, ಅಲ್ಲಿಯವರೆಗೆ ನುಗ್ಗಿ ಸೋತುಹೋದ ದಂಡು ನೆಟ್ಟ ಬಾವುಟದ ಹಾಗೆ. ಸಣ್ಣ ಭೂಕಂಪವಾದಾಗಲೆಲ್ಲ ಅವನ ಹೆಂಡತಿ ಮಿತ್ಸುಯೊ ಮೊದಲು ಒಲೆ ಆರಿಸುತ್ತಿದ್ದಳು, ಆಮೇಲೆ ಸಾವಕಾಶವಾಗಿ ಕೋಣೆಯ ಕಡೆ ತಿರುಗಿ, “ರೀ, ಇದ್ದೀರಾ?” ಎಂದು ಕೂಗುತ್ತಿದ್ದಳು.

ಮೂರು ವಾರದ ಹಿಂದೆ ಹೀಗೇ ಭೂಮಿ ಒಮ್ಮೆ ಮೈ ಕೊಡವಿದಾಗ ಎರಡು ಸಾಲು ಪುಸ್ತಕ ಅವನ ಬೆನ್ನ ಮೇಲೆ ಬಿದ್ದವು. ಮುಲಾಮು ಹಚ್ಚುತ್ತಲೇ ಮಿತ್ಸುಯೊ ಒಂದು ಕಾಗದ ಬರೆಸಿ ಅದರ ಮೇಲೆ ಅವನ ಮೊಹರು ಒತ್ತಿಸಿಕೊಂಡಳು. ಈ ರಾಶಿ ಮುಗಿಯುವ ತನಕ ಹೊಸದಾಗಿ ಒಂದು ಪುಸ್ತಕವನ್ನೂ ಕೊಳ್ಳುವುದಿಲ್ಲ. ಕೊಂಡರೆ ಕೋಣೆ ಮಿತ್ಸುಯೊಳ ಅಕ್ಕ ನಡೆಸುವ ಕೋತೋ ವಾದ್ಯದ ಪಾಠಕ್ಕೆ. ಅಕ್ಕನಿಗೆ ತಂಗಿಯ ಗಂಡನ ಮೇಲೆ ಎಷ್ಟು ನಂಬಿಕೆಯೆಂದರೆ, ಮಾರನೆಯ ದಿನವೇ ಬಂದು ಗೋಡೆಯ ಅಳತೆ ತೆಗೆದುಕೊಂಡು ಹೋಗಿದ್ದಳು.

ಅಂದಿನಿಂದ ಕಾಮೋಶಿದಾ ರೈಲು ನಿಲ್ದಾಣದ ಪುಸ್ತಕದಂಗಡಿಯ ಮುಂದೆ ಏಡಿಯ ಹಾಗೆ ಅಡ್ಡಡ್ಡ ನಡೆದು ಪಾರಾಗುತ್ತಿದ್ದ. ಆ ಬೆಳಿಗ್ಗೆ ಅಂಗಡಿಯ ಮುದುಕ ತಮಾಕಿ ಹೊರಗೇ ಪೊರಕೆ ಹಿಡಿದು ನಿಂತಿದ್ದ.

“ಕಾಮೋಶಿದಾಸಾನ್! ಮೈ ಹುಷಾರಿಲ್ವಾ? ಮೂರು ವಾರದಿಂದ ಕಂಡೇ ಇಲ್ಲ.”

“ಕಣ್ಣು ನೋವು, ತಮಾಕಿಸಾನ್.”

“ಅಯ್ಯೋ ಪಾಪ. ಕಣ್ಣಿನ ಆರೈಕೆ ಮೇಲೆ ಒಳ್ಳೇ ಪುಸ್ತಕ ಬಂದಿದೆ, ಬನ್ನಿ.”

ಕಾಮೋಶಿದಾ ಓಡಿದ. ನಿಜವಾಗಿಯೂ ಓಡಿದ, ಬರದ ರೈಲಿಗಾಗಿ.

ಮಧ್ಯಾಹ್ನ ಊಟದ ಹೊತ್ತು. ಒಂದು ಕೈಯಲ್ಲಿ ಬುತ್ತಿ, ಇನ್ನೊಂದು ಕೈಯಲ್ಲಿ ರಾಶಿಯಿಂದ ತಂದ ಪುಸ್ತಕ. ಅದು ಹಳೆಯ ಕಾಲದ ನಗೆಗತೆಗಳ ಸಂಗ್ರಹ. ಹನ್ನೊಂದು ವರ್ಷದ ಹಿಂದಿನ ಕಾಗದದ ಹೊದಿಕೆ ಇನ್ನೂ ಮೈಮೇಲಿತ್ತು. ಏನಾಶ್ಚರ್ಯ, ಕಾಮೋಶಿದಾ ನೂರಾ ಹನ್ನೆರಡನೆಯ ಪುಟ ಮುಟ್ಟಿದ್ದ! ಜನ್ಮದಲ್ಲೇ ಅಷ್ಟು ದೂರ ಹೋದವನಲ್ಲ. ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾಗ ಪಕ್ಕದ ಮೇಜಿನ ನೆಗೋರೊಸಾನ್ ಪಟ್ಟಿ ಹಿಡಿದು ಬಂದಳು. ಕಚೇರಿಯಲ್ಲಿ ಯಾರ ಮನೆಯ ಮದುವೆಯಿರಲಿ, ಸಾವಿರಲಿ, ಪಟ್ಟಿ ಅವಳದೇ.

“ನಮ್ಮ ಶಿಬಾಯಾಮಾ ಸಾಹೇಬ್ರು ಪುಸ್ತಕ ಬರೆದಿದಾರೆ. ‘ನಲ್ಲಿ ಮತ್ತು ನಾನು’. ಸ್ವಂತ ಖರ್ಚಲ್ಲೇ ಅಚ್ಚು ಹಾಕ್ಸಿ ಅಂಗಡಿಗಳಿಗೂ ಕೊಟ್ಟಿದಾರೆ. ಎಲ್ರೂ ಎರಡೆರಡು ತಗೋತಿದಾರೆ. ನೀವಂತೂ ಪುಸ್ತಕದ ಹುಳ. ಐದು ಬರ್ಕೊಂಡಿದೀನಿ.”

“ಐದಾ?”

“ಕಮ್ಮಿ ಆಯ್ತಾ?”

ಸಾಹೇಬರ ಪುಸ್ತಕ ಬೇಡವೆಂದ ಗುಮಾಸ್ತ ಇಡೀ ಜಪಾನಿನಲ್ಲಿ ಇನ್ನೂ ಹುಟ್ಟಿಲ್ಲ. ಕೊಂಡರೆ ಕೋಣೆಯಲ್ಲಿ ನಾಳೆಯಿಂದಲೇ ಕೋತೋ ಮೊಳಗುತ್ತದೆ. ಕಾಮೋಶಿದಾ ಹೊದಿಕೆಯ ಪುಸ್ತಕವನ್ನು ಮೇಲೆತ್ತಿ ಹಿಡಿದ. “ನಾನಾಗ್ಲೇ ಅಂಗಡೀಲೇ ಕೊಂಡ್ಬಿಟ್ಟೆ, ನೆಗೋರೊಸಾನ್. ಇದೇ ನೋಡಿ. ಕೈಬಿಡೋಕೇ ಆಗ್ತಿಲ್ಲ.”

ನೆಗೋರೊಸಾನಳ ಹುಬ್ಬು ಹಣೆ ದಾಟಿ ಕೂದಲಿನೊಳಗೆ ಹೋಯಿತು. ಅವಳಿಗೆ ತಿಳಿದದ್ದು ಕಚೇರಿಗೆ ತಿಳಿಯಲು ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತೂ ಬೇಡ. ಐದೇ ನಿಮಿಷದಲ್ಲಿ ಶಿಬಾಯಾಮಾ ಸಾಹೇಬರೇ ಮೇಜಿನ ಮುಂದೆ ನಿಂತಿದ್ದರು.

“ಎಷ್ಟನೇ ಪುಟದಲ್ಲಿದೀರಿ?”

“ನೂರಾ ಹನ್ನೆರಡು, ಸಾಹೇಬ್ರೇ.” ಅಂದು ಕಚೇರಿಯಲ್ಲಿ ಅವನಾಡಿದ ಕೊನೆಯ ನಿಜ ಅದು.

ಸಾಹೇಬರು ಕನ್ನಡಕ ತೆಗೆದರು. “ಅಲ್ಲಿ ನಮ್ಮಮ್ಮ ತೀರ್ಕೋತಾಳೆ.”

ಕಾಮೋಶಿದಾ ತಲೆ ತಗ್ಗಿಸಿದ.

“ಆದ್ರೆ ನೀವು ಬಿದ್ದು ಬಿದ್ದು ನಗ್ತಿದ್ರಿ ಅಂದ್ರು ನೆಗೋರೊಸಾನ್.”

“ಅದು... ನಮ್ಮ ಮನೆತನದಲ್ಲೇ ಹಾಗೆ, ಸಾಹೇಬ್ರೇ. ಗಂಡಸರು ಅಳಬಾರ್ದು ಅಂತ ಚಿಕ್ಕಂದಿನಿಂದ ತಡೆದು ತಡೆದು, ಈಗ ದುಃಖ ಜಾಸ್ತಿ ಆದ್ರೆ ನಗುವಾಗೇ ಹೊರಗೆ ಬರುತ್ತೆ. ನಮ್ಮಪ್ಪನ ಮಣ್ಣಿನ ದಿನ ನನ್ನನ್ನ ಹೊರಗೆ ಕೂರಿಸಿದ್ರು.”

ಸಾಹೇಬರು ಕನ್ನಡಕ ಒರೆಸಿಕೊಂಡರು. “ಕೊಡಿ ಇಲ್ಲಿ. ಸಹಿ ಹಾಕ್ತೀನಿ.”

“ಬೇಡಿ ಸಾಹೇಬ್ರೇ! ಗಲೀಜಾಗಿದೆ. ಕಣ್ಣೀರು ಬಿದ್ದು...”

“ಕಣ್ಣೀರಾ! ಅದರ ಮೇಲೇ ಹಾಕ್ತೀನಿ, ಕೊಡೀಪ್ಪಾ!”

ಸಾಹೇಬರು ಎಳೆದರು. ಕಾಮೋಶಿದಾ ಅಪ್ಪಿಕೊಂಡ. ಹೊದಿಕೆಯ ಒಂದು ಮೂಲೆ ಪರ್‍ರೆಂದು ಹರಿಯಿತು; ಒಳಗಿಂದ ಮುಖಪುಟದ ವಿದೂಷಕನ ಕೆಂಪು ಮೂಗು ಇಣುಕಿತು. ಇನ್ನು ಯೋಚಿಸುವ ಹೊತ್ತಲ್ಲ. ಕಾಮೋಶಿದಾ ಬುತ್ತಿಯ ಪಕ್ಕದಲ್ಲಿದ್ದ ಮಿಸೋ ಸಾರಿನ ಬಟ್ಟಲನ್ನು ಮೊಣಕೈಯಿಂದ ತಳ್ಳಿದ. ಪುಸ್ತಕ ಸಾರಿನಲ್ಲಿ ಮಿಂದು, ಎರಡು ಚೂರು ತೋಫು ಹೊತ್ತುಕೊಂಡು ನೆಲಕ್ಕೆ ಬಿತ್ತು. ಕಾಮೋಶಿದಾ ಅದರ ಮೇಲೆಯೇ ಬೋರಲು ಬಿದ್ದ. ಓದಿ ನೂರಾ ಹನ್ನೆರಡನೆಯ ಪುಟ ಮುಟ್ಟಿದ್ದ ಒಂದೇ ಒಂದು ಪುಸ್ತಕವದು. ಈ ಸಲ ಕಣ್ಣಲ್ಲಿ ಬಂದದ್ದು ನಿಜವಾದ ನೀರೇ.

“ಏಳಿ, ಏಳಿ,” ಎಂದರು ಸಾಹೇಬರು ಭುಜ ತಟ್ಟಿ. “ಹೊಸದು ನಾನೇ ಕೊಡ್ತೀನಿ. ಉಡುಗೊರೆ!”

ಉಡುಗೊರೆ! ಕೊಂಡದ್ದಲ್ಲ! ಕಾಮೋಶಿದಾನಿಗೆ ಕೋಣೆ ಮರಳಿ ಸಿಕ್ಕಂತಾಯಿತು. ಅಲ್ಲಿಗೆ ಬಾಯಿ ಮುಚ್ಚಿದ್ದರೆ ಆಗುತ್ತಿತ್ತು. ಆದರೆ ಬದುಕಿಕೊಂಡ ಮನುಷ್ಯನಿಗೆ ನಾಲಿಗೆ ಉದ್ದವಾಗುತ್ತದೆ.

“ಸಾಹೇಬ್ರೇ, ನಿಮ್ಮ ಪುಸ್ತಕದ ಮುಂದೆ ನನ್ನ ಮನೇಲಿರೋ ಇನ್ನೂರು ಪುಸ್ತಕಾನೂ ರದ್ದಿ. ಅವನ್ನ ಮನೇಲಿಟ್ಕೊಳ್ಳೋಕೇ ನಾಚ್ಕೆ ಆಗ್ತಿದೆ.”

“ನಿಜವಾಗ್ಲೂ?”

“ಬೇಕಾದ್ರೆ ನಮ್ಮ ಮನೆಯವಳನ್ನೇ ಕೇಳಿ.”

ಸಾಹೇಬರು ಅವನನ್ನು ಹಿಡಿದು ನಿಲ್ಲಿಸಿ, ಕಚೇರಿಯ ಮುಂದೆ ‘ಓದುಗನ ಅನುಭವ’ ಹೇಳಿಸಿದರು. ತೆರೆದೂ ನೋಡದ ಪುಸ್ತಕದ ಬಗ್ಗೆ ಕಾಮೋಶಿದಾ ಹತ್ತು ನಿಮಿಷ ಮಾತಾಡಿದ. ಮೂವತ್ತು ವರ್ಷದ ಅಭ್ಯಾಸ, ಎಲ್ಲೂ ತಡವರಿಸಲಿಲ್ಲ. ನಲ್ಲಿಯೆಂದರೆ ಬರೀ ನಲ್ಲಿಯಲ್ಲ ಎಂದ. ಎಲ್ಲರೂ ಹೌದು ಹೌದು ಎಂದು ತಲೆದೂಗಿದರು. ಸಾಹೇಬರು ಕಣ್ಣೊರೆಸಿಕೊಳ್ಳುತ್ತ ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಸಂಜೆ ಕಾಮೋಶಿದಾ ಸಹಿ ಮಾಡಿದ ‘ನಲ್ಲಿ ಮತ್ತು ನಾನು’ ಕಂಕುಳಲ್ಲಿಟ್ಟುಕೊಂಡು ತಮಾಕಿಯ ಅಂಗಡಿಯ ಮುಂದೆ ಎದೆಯುಬ್ಬಿಸಿ, ನೆಟ್ಟಗೆ ನಡೆದುಹೋದ. ಮನೆಯ ಬಾಗಿಲಲ್ಲಿ ಮಿತ್ಸುಯೊ ನಗುನಗುತ್ತ ನಿಂತಿದ್ದಳು. ಅದನ್ನು ಕಂಡೇ ಅವನಿಗೆ ಹೆದರಿಕೆಯಾಯಿತು.

“ಇದು ನಾನು ಕೊಂಡಿದ್ದಲ್ಲ ಕಣೆ!”

“ಗೊತ್ತು ಬಿಡಿ. ನಿಮ್ಮ ಸಾಹೇಬ್ರು ಫೋನ್ ಮಾಡಿದ್ರು. ಉಡುಗೊರೆ ಅಂತೆ. ಮಾತು ಉಳಿಸ್ಕೊಂಡ್ರಿ. ಕೋಣೆ ನಿಮ್ಮದೇ. ಅಕ್ಕನಿಗೂ ಹೇಳ್ಬಿಟ್ಟೆ, ಪಾಪ, ಬೇಜಾರು ಮಾಡ್ಕೊಂಡ್ಲು.”

ಕಾಮೋಶಿದಾ ಗೆದ್ದ ದೊರೆಯ ಹಾಗೆ ಹೋಗಿ ಕೋಣೆಯ ಬಾಗಿಲು ಸರಿಸಿದ. ಕಿಟಕಿ ಹಾರುಹೊಡೆದಿತ್ತು. ತಂಪಾದ ಗಾಳಿ ಬೀಸುತ್ತಿತ್ತು. ಬರಿದಾದ ಚಾಪೆಗಳ ನಡುವೆ ಶೌಚಕ್ಕೆ ಬಳಸುವ ಕಾಗದದ ಸುರುಳಿಗಳು ಗೋಪುರದಂತೆ ಬೆಳ್ಳಗೆ ನಿಂತಿದ್ದವು.

“ಪುಸ್ತಕ?” ಎಂದ.

“ಅವನ್ನ ಮನೇಲಿಟ್ಕೊಳ್ಳೋಕೇ ನಾಚ್ಕೆ ಆಗುತ್ತೆ ಅಂದ್ರಂತಲ್ಲ, ಇಡೀ ಕಚೇರಿ ಮುಂದೆ! ‘ನಿಜಾನೇನಮ್ಮಾ’ ಅಂತ ಸಾಹೇಬ್ರು ಕೇಳಿದ್ರು. ಇಪ್ಪತ್ತು ವರ್ಷದಿಂದ ನಾನು ಬಡ್ಕೊಂಡಿದ್ದನ್ನ ಕೊನೆಗೂ ಒಪ್ಕೊಂಡ್ರಲ್ಲ ಅಂತ ನಂಗೆ ಅಳೂನೇ ಬಂತು. ಫೋನ್ ಇಡ್ತಿದ್ದ ಹಾಗೇ ಬೀದೀಲಿ ಹಳೇ ಪೇಪರ್ ತಗೊಂಡು ಸುರುಳಿ ಕೊಡೋ ಲಾರಿ ಕೂಗ್ಕೊಂಡು ಬಂತು ನೋಡಿ! ಇನ್ನೂರೈದು ಪುಸ್ತಕಕ್ಕೆ ಲಾರಿಯವನು ನಲವತ್ತು ಸುರುಳಿ ಕೊಟ್ಟ. ಮೊದಲು ಮೂವತ್ತೈದು ಅಂದಿದ್ದ, ನಾನೇ ಬಿಡ್ಲಿಲ್ಲ.”

ಕಾಮೋಶಿದಾ ಸುರುಳಿಗಳ ಪಕ್ಕ ಕೂತ.

“ಯಾಕೆ ಸಪ್ಪಗಿದೀರಿ? ರಾಶಿ ಮುಗೀತಲ್ಲ, ಇನ್ನು ಎಷ್ಟು ಬೇಕಾದ್ರೂ ಕೊಳ್ಳಿ, ನಾನು ಬೇಡ ಅನ್ನಲ್ಲ. ನಾಳೆಯಿಂದ ಮಾತ್ರ. ಇವತ್ತು ಆಗಲ್ಲ.”

“ಇವತ್ತೇನು?”

“ನಾಳೆ ಬೆಳಿಗ್ಗೆ ಸಾಹೇಬ್ರು ನಿಮ್ಮನ್ನ ಮೇಲಿನವರ ಹತ್ರ ಕರ್ಕೊಂಡು ಹೋಗ್ತಾರಂತೆ. ಒಂದೊಂದೇ ಅಧ್ಯಾಯ ಹಿಡಿದು ನೀವು ವಿವರಿಸ್ಬೇಕಂತೆ. ಒಂದಕ್ಷರಾನೂ ಬಿಡದೆ ಓದಿರೋನು ಅಂತ ಮಾತು ಕೊಟ್ಟಿದಾರೆ. ಊಟ ಇಲ್ಲೇ ತಂದ್ಕೊಡ್ತೀನಿ.”

ಅವಳು ಬಾಗಿಲೆಳೆದುಕೊಂಡು ಹೋದಳು. ಕಾಮೋಶಿದಾ ಒಂದು ಸುರುಳಿಯನ್ನು ಬೆನ್ನಿಗಿಟ್ಟುಕೊಂಡು ಮೊದಲ ಪುಟ ತೆರೆದ. “ನಾನು ಹುಟ್ಟಿದ ದಿನ ನಮ್ಮ ಮನೆಯ ನಲ್ಲಿ ಸೋರುತ್ತಿತ್ತು” ಎಂದು ಶುರುವಾಗಿತ್ತು. ನಾಲ್ಕನೆಯ ಪುಟದಲ್ಲೂ ಸೋರುತ್ತಿತ್ತು. ಹದಿನೆಂಟರಲ್ಲಿ ಅವನಿಗೆ ಆಕಳಿಕೆ ಬಂತು. ಇಪ್ಪತ್ತಕ್ಕೆ ಬಂದಾಗ ಕೈ ತಾನಾಗಿಯೇ ಗುರುತಿನ ಚೀಟಿಗೆ ತಡಕಾಡಿತು.

ಪುಸ್ತಕಕ್ಕೆ ಒಟ್ಟು ಐನೂರ ಅರವತ್ತು ಪುಟ.