ಮುಂಭಾಗದ ಒಂದೇ ಸೀಟಿಗೆ ಬಿದ್ದ ಬಿಡ್‌ಗಳನ್ನು ಹಿಂಪಡೆಯುವ ಬಗ್ಗೆ

ಕನ್ನಡ ಪತ್ರವ್ಯವಹಾರ ಶಾಖೆ (ಪ್ರವಾಸ ವಿಭಾಗ)
ಪ್ಯಾರೀಸ್ ಕಾರ್ನರ್, ಚೆನ್ನೈ

ಸಂಖ್ಯೆ: ಕಪಶಾ/ಪ್ರವಾಸ/ಮುಂಸೀ/ಪರದೆ/01
ಗೋಪ್ಯ: ಶಾಖೆಯ ಎಲ್ಲರಿಗೂ, ಒಬ್ಬರನ್ನು ಬಿಟ್ಟು

ಸುತ್ತೋಲೆ

ವಿಷಯ: ದೆಹಲಿಯ ವಾರ್ಷಿಕ ಪರಿಶೀಲನಾ ಸಭೆಗೆ ಶಾಖೆಯವರು ತೆರಳಲಿರುವ ವಿಮಾನದಲ್ಲಿ, ಬಿಸಿನೆಸ್ ಕ್ಲಾಸಿನ ಖಾಲಿ ಉಳಿದಿರುವ ಏಕೈಕ ಸೀಟಿಗೆ ಸಿಬ್ಬಂದಿ ಒಬ್ಬರ ಮೇಲೊಬ್ಬರು ಬಿಡ್ ಹಾಕಿರುವುದನ್ನು ಹಿಂಪಡೆಯುವ ಬಗ್ಗೆ.

ಉಲ್ಲೇಖ:
1. ವಿಮಾನ ಸಂಸ್ಥೆಯಿಂದ ಪ್ರವಾಸ ವಿಭಾಗದ ಇ-ಮೇಲ್‌ಗೆ ಒಂದರ ಬೆನ್ನಿಗೊಂದು ಬಂದ 'ನಿಮ್ಮ ಬಿಡ್ ತಲುಪಿದೆ, ಶುಭವಾಗಲಿ' ಎಂಬ ಸಂದೇಶಗಳು.
2. ರವಾನೆ ವಿಭಾಗದ ಶ್ರೀಮತಿ ಜಲಜಾಕ್ಷಿಯವರು ಕಾಫಿ ವೇಳೆಯಲ್ಲಿ ಕೇಳಿದ ಮೌಖಿಕ ಪ್ರಶ್ನೆ.
3. ಶಾಖೆಯ ಚೀಟಿಯ ರೂಢಿ (ಲಿಖಿತದಲ್ಲಿ ಇಲ್ಲ, ಎಲ್ಲರಿಗೂ ಗೊತ್ತು).

ಪ್ರಸ್ತಾವನೆ:

ಈ ಶಾಖೆಯ ಸಿಬ್ಬಂದಿಯು ಕರ್ನಾಟಕದ ವಿಮಾ ಕಡತಗಳ ಬೆನ್ನು ಹತ್ತಿ ಪದೇ ಪದೇ ವಿಮಾನ ಏರುವವರಾಗಿದ್ದು, ಬಹುತೇಕ ಎಲ್ಲರ ಜೇಬಿನಲ್ಲೂ ವಿಮಾನ ಸಂಸ್ಥೆಯು ದಯಪಾಲಿಸಿದ ಬೆಳ್ಳಿಯ ಅಥವಾ ಚಿನ್ನದ ಕಾರ್ಡು ಇರುತ್ತದೆ. ಕಾರ್ಡು ಯಾವ ಲೋಹದ್ದಾದರೂ ಕೂರುವುದು ಹಿಂದೆಯೇ. ಹೀಗಿರುವಲ್ಲಿ, ಮುಂಭಾಗದ ಸೀಟು ಖಾಲಿ ಉಳಿದರೆ ಅದಕ್ಕೆ ಮೊಬೈಲಿನಲ್ಲೇ ಬಿಡ್ ಹಾಕಬಹುದು, ಹೆಚ್ಚು ಕೊಡುವವರಿಗೆ ಸೀಟು ಎಂದು ಸಂಸ್ಥೆಯು ಪ್ರಕಟಿಸಿದ ದಿನದಿಂದ ಶಾಖೆಯಲ್ಲಿ ಕಡತಗಳು ಮೇಜಿನ ಮೇಲೂ ಮೊಬೈಲುಗಳು ಮೇಜಿನ ಕೆಳಗೂ ಇರುವುದು ಗಮನಕ್ಕೆ ಬಂದಿರುತ್ತದೆ. ಬಿಡ್ ದುರ್ಬಲವಾದರೆ ಮೊಬೈಲಿನಲ್ಲಿ ಕಾಣುವ ಮಾಪಕದ ಮುಳ್ಳು ಕೆಂಪಿನಲ್ಲಿ, ಬಲವಾದರೆ ಹಸಿರಿನಲ್ಲಿ ನಿಲ್ಲುತ್ತದೆ.

ಸದರಿ ದೆಹಲಿ ವಿಮಾನದ ಒಂದೇ ಸೀಟಿಗೆ ಬಂದ ಬಿಡ್‌ಗಳನ್ನು ಪರಿಶೀಲಿಸಲಾಗಿ, ಎಲ್ಲವೂ ಇದೇ ಶಾಖೆಯ ಇದೇ ಫ್ಯಾನಿನ ಕೆಳಗೆ ಕೂತವರದ್ದೆಂದು ತಿಳಿದುಬಂದಿದೆ. ಒಬ್ಬರು ಏರಿಸಿದಂತೆ ಪಕ್ಕದವರ ಮುಳ್ಳು ಕೆಳಗಿಳಿದು, ಪಕ್ಕದವರು ಏರಿಸಿದಂತೆ ಇವರದು ಇಳಿದು, ಯಾರೋ ದೊಡ್ಡ ಕುಳವೊಂದು ತಮ್ಮ ಮೇಲೆ ಬಿದ್ದಿದೆಯೆಂದು ಎಲ್ಲರೂ ಭಾವಿಸಿದ್ದಾರೆ. ದೊಡ್ಡ ಕುಳ ಯಾರೂ ಇಲ್ಲ. ನಾವೇ.

ಈ ನಡುವೆ ಶ್ರೀಮತಿ ಜಲಜಾಕ್ಷಿಯವರೂ ಬಿಡ್ ಹಾಕಿರುತ್ತಾರೆ. ಇವರು ತಿಂಗಳ ಕೊನೆಗೆ ನಿವೃತ್ತರಾಗುವವರು. ಇದು ಇವರ ಕೊನೆಯ ಅಧಿಕೃತ ಪ್ರವಾಸ. ಶಾಖೆಯೊಂದಿಗೆ ಹಾರಿದಾಗಲೆಲ್ಲ ಕಾಲು ಚಾಚುವವರಿಗೆ ಓಣಿ ಬದಿಯನ್ನೂ ಮೋಡ ನೋಡುವವರಿಗೆ ಕಿಟಕಿ ಬದಿಯನ್ನೂ ಬಿಟ್ಟುಕೊಟ್ಟು, 'ನನಗೆ ಎಲ್ಲಾದರೂ ಆಗ್ತದೆ' ಎಂದು ನಡುವಿನ ಸೀಟಿನಲ್ಲಿ ಮೊಣಕೈ ಮಡಿಸಿ ಕೂತವರು. ಮುಂಭಾಗವನ್ನು ಮರೆಮಾಡುವ ಪರದೆ ಎಳೆದಾಗ ಮಾತ್ರ ಪ್ರತಿ ಸಲವೂ ಕತ್ತು ಉದ್ದ ಮಾಡಿ, 'ಆಚೆ ಎಂಥ ಉಂಟು ಅಂತ ಒಮ್ಮೆ ನೋಡ್ಬೇಕು ಮಾರಾಯ್ರೆ' ಎಂದಿರುವುದು ಶಾಖೆಯ ಸಾಮೂಹಿಕ ನೆನಪಿನಲ್ಲಿ ದಾಖಲಾಗಿದೆ.

ಉಲ್ಲೇಖ 2ರ ಪ್ರಶ್ನೆಯನ್ನು ಯಥಾವತ್ತಾಗಿ ಕೊಡಲಾಗಿದೆ: 'ಮಧುಸೂದನರೇ, ನಾನು ಎಲ್ಲಕ್ಕಿಂತ ಕಡಿಮೆಗೆ ಹಾಕಿದ್ದೇನೆ. ಮುಳ್ಳು ಸೀದಾ ಕೆಂಪಿಗೆ ಹೋಗಿ ನಿಂತಿತು, ಕುಂಕುಮದ ಬಣ್ಣ. ಸೀಟು ಇನ್ನು ನನಗೇ ಅಲ್ವಾ?'

ಶಾಖೆಯವರೆಲ್ಲ ಹಣ ಕೂಡಿಸುವ ಚೀಟಿಯ ಕೂಗು ತಿಂಗಳು ತಿಂಗಳೂ ನಡೆಯುವುದು ಇವರ ರವಾನೆ ಮೇಜಿನ ಮೇಲೆಯೇ. ಚೀಟಿಯಲ್ಲಿ ಯಾರು ಎಲ್ಲರಿಗಿಂತ ಕಡಿಮೆ ಮೊತ್ತಕ್ಕೆ ಒಪ್ಪುತ್ತಾರೋ ಚೀಟಿ ಅವರದ್ದು. ನೆಲದ ಮೇಲಿನ ಈ ನಿಯಮವೇ ಆಕಾಶದಲ್ಲೂ ಇರುತ್ತದೆಂದು ಶ್ರೀಮತಿಯವರು ನಂಬಿದ್ದಾರೆ. ಕೆಳಸಹಿದಾರರು 'ಸಕ್ಕರೆ ಕಡಿಮೆಯಾಗಿದೆ' ಎಂದು ಕಾಫಿಯ ಲೋಟ ಹಿಡಿದು ಎದ್ದು ಹೋದದ್ದನ್ನು ಇಲ್ಲಿ ಷರಾ ರೂಪದಲ್ಲಿ ನಮೂದಿಸಲಾಗಿದೆ.

ನಿಯಮ ತಿಳಿಸಿ ಏರಿಸಲು ಹೇಳಬಹುದಿತ್ತು. ಹೇಳಿದರೆ 'ಅಷ್ಟು ಕೊಟ್ಟು ಕೂತ್ಕೊಳ್ಳುದು ಯಾಕೆ' ಎಂದು ಅವರು ಬಿಡ್ಡನ್ನೇ ಕೈಬಿಡುವರು. ನಾವೆಲ್ಲ ಸೇರಿ ಕೊಡಿಸಬಹುದಿತ್ತು. ಅವರು ಒಂದು ಬಾಳೆಹಣ್ಣನ್ನೂ ಬಿಟ್ಟಿ ತಿಂದವರಲ್ಲ. ಉಳಿದಿರುವುದು ಉಲ್ಲೇಖ 3ರ ದಾರಿ ಒಂದೇ. ಚೀಟಿಯಲ್ಲಿ ಯಾರಿಗಾದರೂ ನಿಜವಾಗಿ ಬೇಕಾದಾಗ ಉಳಿದವರು ಬಾಯಿಗೆ ಬೀಗ ಹಾಕಿಕೊಂಡು ಕೂರುವುದು ಈ ಶಾಖೆಯ ರೂಢಿ. ಕೆಳಸಹಿದಾರರ ಪತ್ನಿ ಊರ್ಮಿಳಾ ಪೋರೂರಿನ ಆಸ್ಪತ್ರೆಯಲ್ಲಿದ್ದಾಗ, ಕೆಳಸಹಿದಾರರು ಬಾಯಿ ಬಿಡುವ ಮೊದಲೇ 'ಈ ಸಲ ಯಾರೂ ಕೂಗುದು ಬೇಡ' ಎಂದವರು ಶ್ರೀಮತಿ ಜಲಜಾಕ್ಷಿಯವರೇ. ಯಾರೂ ಕೂಗಲಿಲ್ಲ. ಊರ್ಮಿಳಾ ಈಗ ಆರೋಗ್ಯವಾಗಿದ್ದಾರೆ.

ಆದ್ದರಿಂದ ಈ ಕೆಳಕಂಡಂತೆ ಆದೇಶಿಸಲಾಗಿದೆ:

1. ಶಾಖೆಯ ಎಲ್ಲ ಸಿಬ್ಬಂದಿಯು ಇಂದು ಸಂಜೆಯ ಕಾಫಿಯೊಳಗೆ ತಮ್ಮ ಬಿಡ್‌ಗಳನ್ನು ಹಿಂಪಡೆಯತಕ್ಕದ್ದು. ಹಿಂಪಡೆಯುವಾಗ ನಿಟ್ಟುಸಿರು ಬಿಡಲು ಅವಕಾಶವಿದೆ. ಆದರೆ ಅದು ರವಾನೆ ವಿಭಾಗದವರೆಗೆ ಕೇಳಿಸಕೂಡದು.

2. ಶಾಖಾ ಮುಖ್ಯಸ್ಥರಾದ ಶ್ರೀ ಭೋಜರಾಜ ಇವರು 'ನನ್ನ ಕಾಲು ಉದ್ದ ಅದಾವ್ರೀ, ನಾ ಏನ್ ಮಾಡ್ಲಿ?' ಎಂದು ವಿನಾಯಿತಿ ಕೋರಿದ್ದನ್ನು ಪರಿಶೀಲಿಸಲಾಯಿತು. ಕಡತ ವಿಭಾಗದ ಶ್ರೀಮತಿ ವಿಮಲಾ ಇವರ ಹೊಲಿಗೆ ಟೇಪಿನಿಂದ ಅಳೆಯಲಾಗಿ, ಸದರಿ ಕಾಲುಗಳು ಸರ್ವಸಾಧಾರಣವೆಂದು ಕಂಡುಬಂದಿದೆ. ಕೋರಿಕೆಯನ್ನು ಶಾಖಾ ಮುಖ್ಯಸ್ಥರ ಅನುಮೋದನೆಯ ಮೇರೆಗೆ ತಿರಸ್ಕರಿಸಲಾಗಿದೆ.

3. ಕಿರಿಯ ಸಹಾಯಕರಾದ ಶ್ರೀ ಸಂದೇಶ್ ಇವರು 'ಸುಮ್ಮಾ ಟ್ರೈ ಪಣ್ಣೇನ್ ಸಾರ್, ಅಷ್ಟೇ' ಎಂದು ಸಮಜಾಯಿಷಿ ನೀಡಿದ್ದಾರೆ. ಸುಮ್ಮನೆ ಪ್ರಯತ್ನಿಸಿದವರ ಮುಳ್ಳು ಹಸಿರಿನ ಅಂಚಿಗೆ ಹೋಗುವುದಿಲ್ಲವಾದ್ದರಿಂದ ಸಮಜಾಯಿಷಿಯನ್ನು ಎರಡೂ ಭಾಷೆಗಳಲ್ಲಿ ನಿರಾಕರಿಸಲಾಗಿದೆ. ಈ ಪ್ರವಾಸದಲ್ಲಿ ನಡುವಿನ ಸೀಟಿನ ಪ್ರಭಾರವನ್ನು ಅವರಿಗೆ ವಹಿಸಲಾಗಿದೆ.

4. ಹಸಿರಿನ ಮಧ್ಯಭಾಗದಲ್ಲಿ ನಿಂತಿದ್ದ ಮುಳ್ಳು ಯಾರದೆಂದು ಶಾಖೆಯಲ್ಲಿ ಗುಸುಗುಸು ಇರುವುದು ಗಮನಕ್ಕೆ ಬಂದಿದೆ. ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಮೊದಲೇ ಹೇಳಿಬಿಡುವುದು ಮೇಲು: ಅದು ಕೆಳಸಹಿದಾರರದ್ದು. ಮುಂಭಾಗದಲ್ಲಿ ಕೊಡುವ ಬಿಸಿ ಟವೆಲ್ಲಿನ ನಿಂಬೆಯ ವಾಸನೆ, ಪಿಂಗಾಣಿ ತಟ್ಟೆ, ಕಾಲು ಚಾಚಿದರೂ ಎದುರಿನವರ ಬೆನ್ನಿಗೆ ತಾಕದ ವಿಸ್ತಾರ ಇವೆಲ್ಲದರ ಮೇಲೆ ಕೆಳಸಹಿದಾರರಿಗೆ ಹಿಂದಿನಿಂದಲೂ ವ್ಯಾಮೋಹವಿದ್ದು, ಅವರು ಈ ಸೀಟಿಗಾಗಿ ಕಾರ್ಡಿನಲ್ಲಿದ್ದ ಪಾಯಿಂಟುಗಳನ್ನೆಲ್ಲ ಸುರಿದಿದ್ದರು. ಶ್ರೀಮತಿ ವಿಮಲಾ ಇವರ ಸಮಕ್ಷಮದಲ್ಲಿ ಬಿಡ್ಡನ್ನು ಹಿಂಪಡೆಯಲಾಗಿದೆ. ಮೊದಲ ಯತ್ನದಲ್ಲಿ ಹೆಬ್ಬೆರಳು ಗುಂಡಿಯನ್ನು ತಪ್ಪಿಸಿಕೊಂಡಿತೆಂಬ ಸಾಕ್ಷಿಯ ಹೇಳಿಕೆಯನ್ನು ಕೆಳಸಹಿದಾರರು ಅಲ್ಲಗಳೆಯುವುದಿಲ್ಲ.

5. ಅದೇ ವಿಮಾನದಲ್ಲಿ ಪ್ರಯಾಣಿಸುವ ಸಾರ್ವಜನಿಕರು ಈ ಸುತ್ತೋಲೆಯ ವ್ಯಾಪ್ತಿಗೆ ಬರುವುದಿಲ್ಲ. ಅವರಲ್ಲಿ ಯಾರಿಗೂ ಕೊನೆಯ ಗಳಿಗೆಯಲ್ಲಿ ಮುಂದೆ ಕೂರುವ ಆಸೆ ಹುಟ್ಟದಿರಲೆಂದು ತಂಬುಚೆಟ್ಟಿ ಬೀದಿಯ ಅಮ್ಮನವರ ಗುಡಿಯಲ್ಲಿ ಅರ್ಚನೆ ಮಾಡಿಸತಕ್ಕದ್ದು. ತೆಂಗಿನಕಾಯಿಯನ್ನು ಸಾದಿಲ್ವಾರು ವೆಚ್ಚದಲ್ಲಿ ಭರಿಸುವುದು. ಕಾಯಿ ಕೆಟ್ಟಿದ್ದಲ್ಲಿ ಮರು ಅರ್ಚನೆಗೆ ಪ್ರತ್ಯೇಕ ಆದೇಶದ ಅಗತ್ಯವಿಲ್ಲ.

6. ಶ್ರೀಮತಿಯವರು ಪ್ರತಿ ಪ್ರವಾಸಕ್ಕೂ ಎಲ್ಲರಿಗೂ ಸೇರಿಸಿ ಕಟ್ಟಿ ತರುತ್ತಿದ್ದ ಮೊಸರನ್ನವನ್ನು ಈ ಬಾರಿ ಶ್ರೀಮತಿ ವಿಮಲಾ ತರತಕ್ಕದ್ದು. ಪಿಂಗಾಣಿ ತಟ್ಟೆಯ ಊಟ ಶ್ರೀಮತಿಯವರ ನಾಲಿಗೆಗೆ ಹಿಡಿಸದಿದ್ದಲ್ಲಿ, ಒಂದು ಪೊಟ್ಟಣವನ್ನು ಗಗನಸಖಿಯ ಮೂಲಕ ಪರದೆಯಾಚೆಗೆ ದಾಟಿಸುವುದು. ದಾಟಿಸುವ ನೆಪದಲ್ಲಿ ಯಾರೂ ತಾವೇ ದಾಟಕೂಡದು. ಈ ನಿಯಮವನ್ನು ವಿಶೇಷವಾಗಿ ಕೆಳಸಹಿದಾರರಿಗಾಗಿ ಸೇರಿಸಲಾಗಿದೆ.

7. ಸೀಟು ಸಿಕ್ಕ ಸುದ್ದಿ ಬಂದಾಗ ಎಲ್ಲರೂ ಆಶ್ಚರ್ಯಪಡತಕ್ಕದ್ದು. ಆಶ್ಚರ್ಯವು ಹುಬ್ಬಿನ ಮಟ್ಟದಲ್ಲಿರತಕ್ಕದ್ದು. ಬಾಯಿಗೆ ಕೈ ಅಡ್ಡ ಹಿಡಿಯುವುದು ಅತಿಯಾಗುತ್ತದೆ. ಶ್ರೀ ಸಂದೇಶ್ ಅವರಿಗೆ ಮುಖದಲ್ಲಿ ಏನನ್ನೂ ಮುಚ್ಚಿಡಲು ಬಾರದ ಕಾರಣ ಅವರು ಆ ಹೊತ್ತಿನಲ್ಲಿ ಕೆಳಗಿಳಿದು ಚಹಾ ಕುಡಿಯುತ್ತಿರತಕ್ಕದ್ದು.

8. ಕೆಳಸಹಿದಾರರ ನಿಜವಾದ ಆತಂಕ ಇಲ್ಲಿದೆ. ಸದರಿ ಸೀಟು ಕಿಟಕಿ ಬದಿಯದು. ಶ್ರೀಮತಿಯವರು ಕೈಗೆ ಬಂದ ಒಳ್ಳೆಯ ಸೀಟನ್ನು ಈವರೆಗೆ ಒಮ್ಮೆಯೂ ತಾವೇ ಇಟ್ಟುಕೊಂಡವರಲ್ಲ. ಇಷ್ಟೆಲ್ಲ ಆಗಿ ಅವರು ಅದನ್ನೂ ಯಾರಿಗೋ ಕೊಟ್ಟು ಹಿಂದೆ ಬಂದು ಕೂತರೆ ಶಾಖೆಯ ಶ್ರಮ ಹೊಳೆಯಲ್ಲಿ ಹುಣಸೆಹಣ್ಣು ಕಲಸಿದಂತಾಗುವುದು. ಆದಕಾರಣ ಪ್ರಯಾಣದ ದಿನ ಮಂಡಿನೋವು, ಬೆನ್ನುನೋವು, ತಲೆಸುತ್ತು, ಬಸಿರು, ಎತ್ತರ ಮತ್ತು ಬೇಸರ ಇವುಗಳಲ್ಲಿ ಯಾವುದನ್ನೂ ಸಿಬ್ಬಂದಿಯು ಪ್ರದರ್ಶಿಸಕೂಡದು. ಅವರು ಎದ್ದು ಬಂದು ಪರದೆ ಸರಿಸಿ 'ಯಾರು ಬರ್ತೀರಿ ಮುಂದೆ?' ಎಂದು ಕೇಳಿದಲ್ಲಿ ಎಲ್ಲರೂ ನಿದ್ರಿಸುತ್ತಿರತಕ್ಕದ್ದು. ಶ್ರೀ ಭೋಜರಾಜ ಅವರಿಗೆ ಗೊರಕೆಯ ಅನುಮತಿ ನೀಡಲಾಗಿದೆ.

9. ಪರದೆಯ ಆಚೆ ಎಂಥ ಉಂಟು ಎಂಬುದರ ಕುರಿತು ಶ್ರೀಮತಿಯವರು ದೆಹಲಿಯಲ್ಲಿ ಇಳಿದ ಮೇಲೆ ನೀಡುವ ಮೌಖಿಕ ವರದಿಯನ್ನು ಎಲ್ಲರೂ ಪೂರ್ತಿ ಕೇಳತಕ್ಕದ್ದು. ಹಿಂದೊಮ್ಮೆ ಅದೃಷ್ಟದಿಂದ ಮುಂದೆ ಕೂತು ಬಂದ ಅನುಭವವುಳ್ಳ ಯಾರೂ (ಇಲ್ಲಿ ಮತ್ತೆ ಕೆಳಸಹಿದಾರರು) 'ನನಗೆ ಗೊತ್ತು' ಎಂದು ನಡುವೆ ಬಾಯಿ ಹಾಕಕೂಡದು.

10. ರವಾನೆ ವಿಭಾಗದ ದುಂಡು ಮುದ್ರೆ ಬೀಳದ ಯಾವ ಸುತ್ತೋಲೆಯೂ ಈ ಶಾಖೆಯಲ್ಲಿ ಸಿಂಧುವಲ್ಲ. ಆ ಮುದ್ರೆಯು ಶ್ರೀಮತಿ ಜಲಜಾಕ್ಷಿಯವರ ಮೇಜಿನ ಮೇಲಿದೆ. ಆದ್ದರಿಂದ ಅವರು ಊಟಕ್ಕೆ ಎದ್ದ ವೇಳೆಯಲ್ಲಿ ಕೆಳಸಹಿದಾರರು ಖುದ್ದಾಗಿ ಹೋಗಿ ಮುದ್ರೆ ಒತ್ತಿಕೊಂಡು, ಮುದ್ರೆಯನ್ನು ಮೊದಲಿದ್ದ ಓರೆಯಲ್ಲೇ ಇಟ್ಟು ಬರತಕ್ಕದ್ದು.

ವಿಮಾನದ ಚಕ್ರಗಳು ದೆಹಲಿಯ ನೆಲಕ್ಕೆ ತಾಗಿದ ಕೂಡಲೇ ಈ ಸುತ್ತೋಲೆಯು ತಾನಾಗಿಯೇ ರದ್ದಾಗುವುದು. ತರುವಾಯ ಸಿಬ್ಬಂದಿಯು ಎಂದಿನಂತೆ ಒಬ್ಬರ ಮೇಲೊಬ್ಬರು ಬಿಡ್ ಹಾಕಿಕೊಳ್ಳಲು ಸ್ವತಂತ್ರರು.

ಸಹಿ/-
(ಮಧುಸೂದನ್)
ಅಧೀಕ್ಷಕರು, ಪ್ರವಾಸ ವಿಭಾಗ

ಪ್ರತಿಗಳು:
1. ಶ್ರೀ ಭೋಜರಾಜ, ಶಾಖಾ ಮುಖ್ಯಸ್ಥರು: ಮಾಹಿತಿಗಾಗಿ ಮತ್ತು ಗೊರಕೆಗಾಗಿ.
2. ಶ್ರೀಮತಿ ವಿಮಲಾ: ಮೊಸರನ್ನ ಮತ್ತು ಟೇಪಿನ ಸಂಬಂಧ.
3. ಶ್ರೀ ಸಂದೇಶ್: ಓದಿ, ಮುಖ ಸರಿಪಡಿಸಿಕೊಂಡು, ಹಿಂದಿರುಗಿಸಲು.
4. ಅರ್ಚಕರು, ತಂಬುಚೆಟ್ಟಿ ಬೀದಿ: ಸಂಕಲ್ಪದಲ್ಲಿ ಸೀಟಿನ ಸಂಖ್ಯೆಯನ್ನು ಸ್ಪಷ್ಟವಾಗಿ ಉಚ್ಚರಿಸುವ ಕೋರಿಕೆಯೊಂದಿಗೆ.
5. ಶ್ರೀಮತಿ ಜಲಜಾಕ್ಷಿ, ರವಾನೆ ವಿಭಾಗ: ಇವರಿಗೆ ಪ್ರತಿ ಇಲ್ಲ.
6. ಕಡತಕ್ಕೆ.

(ಕಡತದ ಪ್ರತಿಯ ಅಂಚಿನಲ್ಲಿ, ರವಾನೆ ವಿಭಾಗದ ಕೆಂಪು ಶಾಯಿಯಲ್ಲಿ, ತರುವಾಯ ಬರೆದದ್ದು:)

ಮುದ್ರೆ ತಲೆಕೆಳಗಾಗಿ ಬಿದ್ದಿತ್ತು; ಸರಿಯಾಗಿ ಒತ್ತಿ ರವಾನಿಸಲಾಗಿದೆ. ಆ ವೇಳೆ ಕನ್ನಡಕ ಇರಲಿಲ್ಲವಾದ್ದರಿಂದ ಓದಿರುವುದಿಲ್ಲ. ಖಂಡಿಕೆ 6ರಲ್ಲಿ ಮೊಸರನ್ನಕ್ಕೆ ಉಪ್ಪಿನಕಾಯಿ ಬಿಟ್ಟುಹೋಗಿದೆ, ಸೇರಿಸಿಕೊಳ್ಳುವುದು. ಸೀಟು ಬಂದಿದೆ. ಕಡಿಮೆಗೆ ಹಾಕಿದವರಿಗೇ ಸಿಗುತ್ತದೆಂದು ನಾನು ಹೇಳಿರಲಿಲ್ಲವೇ? ಯಾರೂ ನಿದ್ದೆಯ ನಾಟಕ ಆಡಬೇಕಾಗಿಲ್ಲ. ಈ ಸಲ ಕಿಟಕಿಯನ್ನು ನಾನು ಯಾರಿಗೂ ಕೊಡುವುದಿಲ್ಲ.
ಜಲಜಾಕ್ಷಿ, ರವಾನೆ