ಅತ್ತೆ ನೋಡಲು ಹೋಗುವ ಅರಬ

ನನ್ನ ಅತ್ತೆ ಎಪ್ಪತ್ತಮೂರನೆಯ ವಯಸ್ಸಿನಲ್ಲಿ ಒಬ್ಬ ಅರಬನ ಸಹವಾಸಕ್ಕೆ ಬಿದ್ದಿದ್ದಾರೆ. ತಿಂಗಳಿಗೊಂದು ಶನಿವಾರ ಇಸ್ತ್ರಿ ಹಾಕಿದ ಸೀರೆ ಉಟ್ಟು, ಮುಖಕ್ಕೆ ಪೌಡರು ಹಚ್ಚಿ, ಅವನನ್ನು ನೋಡಲು ಹೋಗುತ್ತಾರೆ. ಆ ಅರಬನಿಗೆ ಹೆಂಡಿರೆಷ್ಟು ಎಂದು ಅವನಿಗೇ ನೆನಪಿಲ್ಲ. ಮಕ್ಕಳಂತೂ ಮಂಗಳೂರಿನಿಂದ ಕೋಝಿಕ್ಕೋಡಿನವರೆಗೆ ಹಬ್ಬಿಕೊಂಡಿದ್ದಾರೆ. ನಮ್ಮ ಕುಟುಂಬದ ಮಾನದ ಬಗ್ಗೆ ನೀವು ಚಿಂತೆ ಮಾಡುವ ಮೊದಲೇ ಹೇಳಿಬಿಡುತ್ತೇನೆ, ಅವನಿಗೆ ಕಾಲು ನಾಲ್ಕು, ಬಾಲ ಒಂದು. ಇಪ್ಪತ್ತನಾಲ್ಕು ವರ್ಷದ ಅರಬ್ಬಿ ಕುದುರೆ. ಬೀಜದ ಕುದುರೆ!

ಅತ್ತೆ ಎಂದರೆ ನನ್ನ ಅಪ್ಪನ ಅಕ್ಕ. ಮದುವೆಯಾದವರಲ್ಲ. ಬದಿಯಡ್ಕದ ಆಸುಪಾಸಿನ ಆರೋಗ್ಯ ಕೇಂದ್ರಗಳಲ್ಲಿ ನರ್ಸಾಗಿ, ಊರಿನ ಅರ್ಧ ಜನರನ್ನು ತಮ್ಮ ಕೈಯಿಂದಲೇ ಈ ಲೋಕಕ್ಕೆ ಎಳೆದು ತಂದವರು. ಹಾಗಾಗಿ ಊರಿಗೆಲ್ಲ ಅವರು 'ಸಿಸ್ಟರ್'. ಅತ್ತೆಗೆ ಯಾರ ಮುಖ ಕಂಡರೂ ಮೊದಲು ನೆನಪಾಗುವುದು ಅವರು ಹುಟ್ಟಿದ ರೀತಿ. ಒಮ್ಮೆ ಬಸ್ಸಿನಲ್ಲಿ ಕಂಡಕ್ಟರ್, "ಚಿಲ್ಲರೆ ಇಲ್ಲದಿದ್ರೆ ಯಾಕೆ ಹತ್ತುದು ಅಜ್ಜಿ?" ಎಂದು ಜೋರು ಮಾಡಿದ. ಅತ್ತೆ ಕನ್ನಡಕ ಸರಿಮಾಡಿಕೊಂಡು ಅವನನ್ನೇ ನೋಡಿದರು.

"ನೀನು ಹುಟ್ಟಿದಾಗ ಅಳ್ಲೇ ಇಲ್ಲ ಮಾರಾಯ. ಕಾಲು ಹಿಡಿದು ತಲೆಕೆಳಗೆ ಮಾಡಿ ನಾಲ್ಕು ಬಾರಿಸಿದ ಮೇಲೆ ಬಾಯಿ ಬಿಟ್ಟದ್ದು. ಈಗ ನೋಡಿದ್ರೆ ಮುಚ್ಚುದೇ ಇಲ್ಲ."

ಆ ಬಸ್ಸಿನಲ್ಲಿ ಅತ್ತೆಯ ಹತ್ತಿರ ಈಗ ಯಾರೂ ಚಿಲ್ಲರೆ ಕೇಳುವುದಿಲ್ಲ.

ಅರಬನ ವಿಷಯದಲ್ಲಿ ನನ್ನ ಪಾಲು ಡ್ರೈವರಿನದು. ನಾನು ವಿದ್ಯಾನಗರದ ಕಚೇರಿಯೊಂದರಲ್ಲಿ ಗುಮಾಸ್ತ. ಎರಡನೇ ಶನಿವಾರ ನನಗೆ ರಜೆ ಇರುತ್ತದೆಂಬುದನ್ನು ಅತ್ತೆ ಪತ್ತೆ ಮಾಡಿಬಿಟ್ಟರು. ಅಂದಿನಿಂದ ನನ್ನ ರಜೆ, ನನ್ನ ಕಾರು, ನನ್ನ ಪೆಟ್ರೋಲು ಮೂರೂ ಕುದುರೆಯ ಹೆಸರಿಗೆ ವರ್ಗವಾದವು. ಬಾಯಾರಿನ ಕಡೆಗೆ ಹೋಗುವ ದಾರಿಯಲ್ಲಿ, ಗಲ್ಫಿನಿಂದ ಮರಳಿ ಬಂದ ಒಬ್ಬ ಹಾಜಿಯವರ ಜಾಗವಿದೆ. ಅಲ್ಲಿ ರಬ್ಬರ್ ಮರಗಳನ್ನು ಕಡಿಸಿ ಒಂದು ಲಾಯ ಕಟ್ಟಿಸಿದ್ದಾರೆ. ಇಪ್ಪತ್ತು ವರ್ಷ ಅಲ್ಲಿನ ಶೇಖ್‌ಗಳ ಕುದುರೆಗಳನ್ನು ದೂರದಿಂದ ನೋಡಿ ನೋಡಿ, ತನಗೂ ಒಂದು ಬೇಕು ಅನ್ನಿಸಿತಂತೆ. ಬೇರೆಯವರು ಗಲ್ಫಿನಿಂದ ಬಂದು ಮಹಡಿ ಮನೆ ಕಟ್ಟಿಸಿದರೆ ಇವರು ಕುದುರೆ ಕಟ್ಟಿದರು. ಹಾಜಿಯವರ ನಾಲ್ಕು ಮಕ್ಕಳನ್ನೂ ಹೆರಿಗೆ ಮಾಡಿಸಿದ್ದು ಅತ್ತೆಯೇ ಆದ್ದರಿಂದ ಲಾಯದ ಗೇಟು ಅವರಿಗೆ ಯಾವಾಗಲೂ ತೆರೆದಿರುತ್ತದೆ.

ಕುದುರೆಯ ಕಾಗದಪತ್ರದಲ್ಲಿ ಉಸಿರು ಕಟ್ಟುವಷ್ಟು ಉದ್ದದ ಹೆಸರಿದೆ. ಮನೆಯಲ್ಲಿ ಕರೆಯುವುದು ಬಾದಶಾ ಎಂದು. ಮೊದಲ ಸಲ ನೋಡಿದಾಗ ನನಗೆ ನಿರಾಸೆಯೇ ಆಯಿತು. ಬೆನ್ನು ಹಳೆಯ ಮಂಚದ ಹಾಗೆ ನಡುವಿನಲ್ಲಿ ಕುಸಿದಿದೆ, ಕೆಳತುಟಿ ಜೋತುಬಿದ್ದಿದೆ, ಹಲ್ಲುಗಳಲ್ಲಿ ಕೆಲವು ರಜೆಯ ಮೇಲಿವೆ. ನಿಂತಲ್ಲೇ ತೂಕಡಿಸುತ್ತದೆ, ನಮ್ಮ ಕಚೇರಿಯಲ್ಲಿದ್ದರೆ ಬಡ್ತಿ ಸಿಗುತ್ತಿತ್ತು. ಆದರೆ ಹೆಣ್ಣು ಕುದುರೆಯನ್ನು ಹೊತ್ತ ಲಾರಿ ರಸ್ತೆಯ ತಿರುವಿನಲ್ಲಿ ಕಂಡರೆ ಸಾಕು! ಕಿವಿ ನೆಟ್ಟಗಾಗುತ್ತದೆ, ಕುತ್ತಿಗೆ ಬಾಗುತ್ತದೆ, ಬಾಲ ಮೇಲೇಳುತ್ತದೆ. ಹತ್ತು ವರ್ಷ ಕಡಿಮೆಯಾದ ಹಾಗೆ ಕಾಣುತ್ತದೆ.

ಅತ್ತೆ ಅದನ್ನು ಸುಮ್ಮನೆ ನೋಡಿ ಬರುವವರಲ್ಲ. ಮೊಸರು ಹಾಕಿ ನೆನೆಸಿದ ಹುರುಳಿಯನ್ನು ತಿನ್ನಿಸುತ್ತಾರೆ. ತಮ್ಮ ಹಳೆಯ ಸ್ಟೆತಸ್ಕೋಪನ್ನು ಅದರ ಪಕ್ಕೆಗೆ ಒತ್ತಿ ಕಣ್ಣು ಮುಚ್ಚಿ ಕೇಳುತ್ತಾರೆ. ಎಂತ ಕೇಳುತ್ತದೆಂದು ಒಮ್ಮೆ ಕೇಳಿದೆ. "ನಿನ್ನದಕ್ಕಿಂತ ಚಂದ ಉಂಟು" ಎಂದರು.

ಅದಕ್ಕಿಂತ ದೊಡ್ಡ ವಿಷಯ ಕಾರ್ಡಿನದು. ಗರ್ಭಿಣಿಯರಿಗೆ ಕೊಡುವ ಕಾರ್ಡುಗಳ ಒಂದು ಕಟ್ಟು ನಿವೃತ್ತಿಯ ದಿನ ಅತ್ತೆಯ ಚೀಲದಲ್ಲೇ ಉಳಿದು ಮನೆಗೆ ಬಂದಿತ್ತು. ಬರುವ ಪ್ರತಿಯೊಂದು ಹೆಣ್ಣು ಕುದುರೆಗೂ ಈಗ ಅದರಲ್ಲಿ ಒಂದೊಂದು. ಕೋಝಿಕ್ಕೋಡಿನಿಂದ ಕುದುರೆ ತಂದ ದೊಡ್ಡ ಮೀಸೆಯವರೊಬ್ಬರನ್ನು ಬೆಂಚಿನಲ್ಲಿ ಕೂರಿಸಿ, ಇದು ಎಷ್ಟನೆಯದು, ಹಿಂದಿನದು ನಾರ್ಮಲ್ಲಾ, ರಕ್ತ ಕಡಿಮೆ ಉಂಟಾ, ಬೆಳಿಗ್ಗೆ ಎಂತ ತಿಂತದೆ ಎಂದು ಒಂದೊಂದಾಗಿ ಕೇಳಿದರು. ಅವರು ಕೈಕಟ್ಟಿ ಕೂತು ಉತ್ತರ ಕೊಟ್ಟರು. ಗಂಡನ ಹೆಸರು ಎಂಬಲ್ಲಿ ಬಾದಶಾ ಎಂದು ಬರೆದಾಯಿತು. ಗಂಡನ ಉದ್ಯೋಗ ಎಂಬಲ್ಲಿ ಅತ್ತೆ ಸ್ವಲ್ಪ ಯೋಚಿಸಿ, 'ಇದೇ' ಎಂದು ಬರೆದರು.

ನನಗೆ ನಗು ತಡೆಯಲಿಲ್ಲ. "ಅಲ್ಲ ಅತ್ತೆ, ಒಂದು ಕಾಲದಲ್ಲಿ ಎರಡೇ ಸಾಕು ಎಂದು ಮನೆಮನೆಗೆ ಹೋಗಿ ಹೇಳಿದವರು ನೀವು. ಇವನಿಗೆ ಮಾತ್ರ ಹುರುಳಿ ತಿನ್ನಿಸಿ ಇನ್ನೊಂದು ಆಗ್ಲಿ ಅಂತೀರಲ್ಲ?"

"ಮನುಷ್ಯರಿಗೆ ಹೇಳಿದ್ದು ಅದು. ನಿನ್ನ ಅಪ್ಪನಿಗೂ ಹೇಳಿದ್ದೆ. ಅವ ಕೇಳದೆ ಮೂರನೆಯವ ನೀನು ಹುಟ್ಟಿದ್ದು" ಎಂದರು ಅತ್ತೆ. ಆಮೇಲೆ ನಾನು ಕುಟುಂಬ ಯೋಜನೆಯ ಮಾತು ತೆಗೆಯಲಿಲ್ಲ.

ಹೀಗೆ ಸುಖವಾಗಿ ನಡೆಯುತ್ತಿದ್ದ ಸಂಸಾರಕ್ಕೆ ಈ ವರ್ಷ ಕಲ್ಲು ಬಿತ್ತು. ಮೂರು ಹೆಣ್ಣು ಕುದುರೆಗಳು ಬಂದು ಹೋದವು, ಒಂದೂ ಗಬ್ಬವಾಗಲಿಲ್ಲ. ದುಬೈಯಲ್ಲಿರುವ ಹಾಜಿಯವರ ಹಿರಿಯ ಮಗ, ಇನ್ನು ಅದನ್ನು ಇಟ್ಟುಕೊಂಡು ಎಂತ ಮಾಡುವುದು, ಕಡಲ ಬದಿಯ ಒಂದು ರೆಸಾರ್ಟಿನವರು ಮಕ್ಕಳನ್ನು ಕೂರಿಸಿ ಮರಳಿನಲ್ಲಿ ಓಡಾಡಿಸಲಿಕ್ಕೆ ಕೇಳುತ್ತಿದ್ದಾರೆ, ಕೊಟ್ಟುಬಿಡುವ ಎಂದು ಫೋನಿನಲ್ಲಿ ಹಟ ಹಿಡಿದ. ಕುಸಿದ ಬೆನ್ನಿನ ಮೇಲೆ ಮಕ್ಕಳನ್ನು ಹೊತ್ತು ಬಿಸಿಲಲ್ಲಿ ನಡೆಯಬೇಕು, ಈ ವಯಸ್ಸಿನಲ್ಲಿ. ಅತ್ತೆಯ ಮುಖ ಸಣ್ಣದಾಯಿತು.

"ಹತ್ತು ತಿಂಗಳಾದ್ರೂ ಹೊರಗೆ ಬಾರದೆ ನಮ್ಮನ್ನೆಲ್ಲ ಕಾಯಿಸಿದವ ನಿಮ್ಮ ಮಗ. ಈಗ ಬೇರೆಯವರಿಗೆ ಅವಸರ ಮಾಡ್ತಾನಾ?" ಎಂದು ಹಾಜಿಯವರನ್ನು ಕೇಳಿದರು.

ಹಾಜಿಯವರು ನಡುವಿನ ದಾರಿ ಹಿಡಿದರು. "ಇನ್ನೊಂದು ಕುದುರೆ ಬರ್ಲಿಕ್ಕುಂಟು ಸಿಸ್ಟರೇ, ಮಂಗಳೂರಿಂದ. ಅದಕ್ಕೆ ಗಬ್ಬ ನಿಂತ್ರೆ ಬಾದಶಾ ಇಲ್ಲೇ. ನಿಲ್ಲದಿದ್ರೆ ಮಗ ಹೇಳಿದ ಹಾಗೆ."

ಆ ಕುದುರೆ ಬಂದ ದಿನ ಲಾಯದ ಸುತ್ತ ಜಾತ್ರೆ. ಹಾಜಿಯವರ ಅಳಿಯಂದಿರು, ನೆರೆಯವರು, ಕುದುರೆಯ ಯಜಮಾನ, ಅವನ ಇಬ್ಬರು ಗೆಳೆಯರು, ಮೊಬೈಲು ಹಿಡಿದವರು. ಬಾದಶಾ ಹೊರಗೆ ಬಂದ. ಹೆಣ್ಣನ್ನು ಒಮ್ಮೆ ಮೂಸಿದ. ಆಮೇಲೆ ತಲೆ ತಗ್ಗಿಸಿ ಹುಲ್ಲು ಮೇಯತೊಡಗಿದ. ಯಾರೋ ಕಿಸಕ್ಕನೆ ನಕ್ಕರು. "ಅಜ್ಜನಿಗೆ ಪೆನ್ಶನ್ ಕೊಡಿ" ಎಂದ ಮಂಗಳೂರಿನ ಗೆಳೆಯನೊಬ್ಬ.

ಅತ್ತೆ ಎದ್ದು ನಿಂತರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು. ಹೆರಿಗೆ ಕೋಣೆಯ ಬಾಗಿಲಲ್ಲಿ ಎಷ್ಟೋ ಗಂಡಂದಿರನ್ನು ನಡುಗಿಸಿದ ಸ್ವರ ಹೊರಬಂತು.

"ಗಂಡಸರೆಲ್ಲ ಹೊರಗೆ. ಇಲ್ಲಿ ಎಂತ, ಯಕ್ಷಗಾನ ಉಂಟಾ? ಅಬ್ಬು ಮಾತ್ರ ಇರ್ಲಿ."

ಅಬ್ಬು ಎಂದರೆ ಬಾದಶಾನನ್ನು ಮೊದಲಿನಿಂದಲೂ ನೋಡಿಕೊಳ್ಳುತ್ತಿರುವ, ಐವತ್ತು ದಾಟಿದ ಆಳು. ಉಳಿದ ನಾವೆಲ್ಲ ತಲೆ ತಗ್ಗಿಸಿ ಗೇಟಿನ ಹೊರಗೆ ಬಂದೆವು. ಕುದುರೆಯ ಯಜಮಾನ ಅತ್ತಿಂದಿತ್ತ ನಡೆಯುತ್ತಿದ್ದ. ಹಾಜಿಯವರು ಜಪಮಣಿ ತೆಗೆದರು. ನಾನು ಯಾಕೆಂದು ತಿಳಿಯದೆ ಉಗುರು ಕಚ್ಚುತ್ತಿದ್ದೆ. ಮುಕ್ಕಾಲು ಗಂಟೆಯ ಮೇಲೆ ಅತ್ತೆ ಹೊರಗೆ ಬಂದು, "ಆಯ್ತು. ಚಾ ಆಗಿದ್ರೆ ಕೊಡಿ" ಎಂದರು. ನಾವು ಪರಸ್ಪರ ಕೈ ಕುಲುಕಿದೆವು. ನಾವು ಮಾಡಿದ ಕೆಲಸ ಎಂತದ್ದೆಂದು ಮಾತ್ರ ಕೇಳಬೇಡಿ.

ಎರಡು ವಾರ ಕಳೆದ ಮೇಲೆ, ಒಂದು ಭಾನುವಾರ, ದನದ ಡಾಕ್ಟರಮ್ಮ ಸ್ಕ್ಯಾನ್ ಮಾಡಲು ಬಂದರು. ಹೆಣ್ಣು ಕುದುರೆಯನ್ನು ಅಲ್ಲಿಯೇ ಉಳಿಸಿಕೊಂಡಿದ್ದರು. ಅತ್ತೆ ಬೆಳಿಗ್ಗಿನಿಂದ ಏನೂ ತಿಂದಿರಲಿಲ್ಲ. ಡಾಕ್ಟರಮ್ಮ ಬಹಳ ಹೊತ್ತು ಪರದೆಯನ್ನು ನೋಡಿದರು. ಇನ್ನೊಮ್ಮೆ ನೋಡಿದರು. ಆಮೇಲೆ ಗ್ಲೌಸ್ ಕಳಚುತ್ತಾ ಮೆಲ್ಲಗೆ, "ಇಲ್ಲ ಸಿಸ್ಟರ್, ನಿಂತಿಲ್ಲ" ಎಂದರು.

ಹಾಜಿಯವರು ಟೊಪ್ಪಿ ತೆಗೆದು ತಲೆ ಒರೆಸಿಕೊಂಡರು. ಅವರಿಗೂ ಬೇಸರವಿತ್ತು, ಸುಳ್ಳು ಹೇಳಬಾರದು.

"ಎಂತ ಮಾಡುದು ಸಿಸ್ಟರೇ. ಅವನ ಕೆಲ್ಸ ಮುಗೀತು."

ಅತ್ತೆ ಬಾದಶಾನ ಕುತ್ತಿಗೆಯ ಮೇಲೆ ಕೈ ಇಟ್ಟುಕೊಂಡೇ ಹೇಳಿದರು. "ನಂದು ಮುಗಿದು ಹದಿನೇಳು ವರ್ಷ ಆಯ್ತು ಹಾಜಿಯವರೇ. ಮೊದಮೊದಲು ಮನೆಗಾದರೂ ಬಂದು ಕರೀತಿದ್ರು. ಈಗ ಯಾರಿಗೂ ನಾನು ಬೇಡ. ಎಲ್ಲರೂ ದೊಡ್ಡ ಆಸ್ಪತ್ರೆಗೆ ಹೋಗ್ತಾರೆ, ಹೋಗ್ಬೇಕಾದ್ದೇ. ಆದ್ರೆ ನನ್ನನ್ನು ಎಲ್ಲಿಗೆ ಕಳಿಸ್ತೀರಿ, ಹೇಳಿ."

ಅವರ ಸ್ವರದಲ್ಲಿ ಜಗಳವಿರಲಿಲ್ಲ. ಉತ್ತರ ಬೇಕಾಗಿತ್ತು, ಅಷ್ಟೆ. ಹಾಜಿಯವರು ಕಿಸೆಯಿಂದ ಫೋನ್ ತೆಗೆದು, ಅಲ್ಲೇ, ನಮ್ಮೆದುರೇ ಮಗನಿಗೆ ಕರೆ ಮಾಡಿದರು. ಬ್ಯಾರಿ ಭಾಷೆಯಲ್ಲಿ ಎರಡೇ ಮಾತು. ಕುದುರೆ ಎಲ್ಲಿಗೂ ಹೋಗುವುದಿಲ್ಲ, ಸಾಯುವವರೆಗೆ ಇಲ್ಲೇ ಇರುತ್ತದೆ ಎಂದು ನನಗೂ ಅರ್ಥವಾಯಿತು.

ಹಿಂದಿರುಗುವಾಗ ಕಾರಿನಲ್ಲಿ ಒಮ್ಮೆ ತಿರುಗಿ ನೋಡಿದರೆ ಅತ್ತೆಯ ಕಣ್ಣಿನಲ್ಲಿ ನೀರು ಹರಿಯುತ್ತಿತ್ತು. ಅತ್ತೆ ಅತ್ತದ್ದನ್ನು ನಾನು ಹುಟ್ಟಿದ ಮೇಲೆ ನೋಡಿರಲಿಲ್ಲ. ಇಷ್ಟು ದಿನ ಕಚೇರಿಯಲ್ಲಿ ಗೆಳೆಯರಿಗೆ ಈ ಕತೆ ಹೇಳಿ ನಗಿಸಿದ್ದೆಲ್ಲ ನೆನಪಾಗಿ ನಾಚಿಕೆಯಾಯಿತು. ತಿಂಗಳಿಗೊಮ್ಮೆ ಮಾತ್ರ, ಅದೂ ಗೊಣಗುತ್ತಾ ಇವರ ಬಾಗಿಲಿಗೆ ಬರುತ್ತಿದ್ದವನು ನಾನು.

"ಮುಂದಿನ ಶನಿವಾರವೂ ಹೋಗುವ ಅತ್ತೆ" ಎಂದೆ.

"ಆಫೀಸು ಉಂಟಲ್ಲ ನಿನಗೆ?"

"ರಜೆ ಹಾಕ್ತೇನೆ."

ಅತ್ತೆ ಕಿಟಕಿಯ ಕಡೆಗೆ ಮುಖ ತಿರುಗಿಸಿ ಸೆರಗಿನಿಂದ ಕಣ್ಣು ಒರೆಸಿಕೊಂಡರು. "ಎಂಟೂವರೆಗೆ ಬಾ. ತಡ ಮಾಡ್ಬೇಡ, ನಾನು ಕಾಯ್ತಾ ಇರ್ತೇನೆ" ಎಂದರು.