ಪರಶಪ್ಪನ ಒಂದು ‘ಹೂಂ’

ಗಜೇಂದ್ರಗಡದ ನೇಕಾರ ಪರಶಪ್ಪ ಮಗ್ಗದಲ್ಲಿ ಕೂತಾಗ ಫೋನು ಎತ್ತಬಾರದಿತ್ತು. ಎತ್ತಿದ. ಹುಬ್ಬಳ್ಳಿಯಲ್ಲಿ ನರ್ಸ್ ಆಗಿರುವ ಮಗಳು ಭಾರತಿ ಒಂದೇ ಉಸಿರಿನಲ್ಲಿ ಏನೇನೋ ಹೇಳಿದಳು. ಮಗ್ಗದ ಲಟಪಟದ ನಡುವೆ ಅವನ ಕಿವಿಗೆ ಬಿದ್ದದ್ದು ಮೂರೇ ಮಾತು: ‘ಸಿದ್ದ’, ‘ಲಗ್ನ’, ‘ಸಂಜಿ ಬಸ್ಸು’.

“ಹೂಂ, ಆತವಾ! ಲಗೂ ಕರ್ಕೊಂಡ ಬಾ!” ಎಂದ. ಆ ಕಡೆ ಮಗಳು ಬಿಕ್ಕಿದ್ದು ಕೇಳಿಸಿತು. ಖುಷಿಗೆ ಅಂದುಕೊಂಡ.

ಮೂವತ್ತು ದಾಟಿದರೂ ಬಂದ ವರಗಳನ್ನೆಲ್ಲ ಒಲ್ಲೆ ಎಂದಿದ್ದ ಮಗಳು! ಪರಶಪ್ಪ ಓಡಿಹೋಗಿ ಪಕ್ಕದ ಮನೆಯ ರೇಣವ್ವನಿಗೆ ಹೇಳಿದ. ರೇಣವ್ವನಿಗೆ ಹೇಳುವುದೂ ಒಂದೇ, ಓಣಿಯಲ್ಲಿ ಡಂಗುರ ಸಾರುವುದೂ ಒಂದೇ.

“ಯಾವ ಊರ ಸಿದ್ದ?”

“ಕೇಳಿಲ್ಲ.”

“ಏನ ಕೆಲಸ?”

“ಅದನ್ನೂ ಕೇಳಿಲ್ಲ.”

“ಏನೂ ಕೇಳದ ಹೂಂ ಅಂದ್ಯಾ ಅಣ್ಣಾ? ಹೋಗ್ಲಿ ಬಿಡು, ಹೋಳಿಗಿಗೆ ಬ್ಯಾಳಿ ಹಾಕ್ತೀನಿ.”

ಹೆಂಡತಿ ಗುಡ್ಡವ್ವ ಮಾತ್ರ “ಸಿದ್ದ ಅಂದ್ಲೇನು?” ಎಂದು ಎರಡು ಸಲ ಕೇಳಿ ಬೆಲ್ಲ ಕುಟ್ಟಲು ಕೂತಳು.

ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಓಣಿಗೆ ಓಣಿಯೇ ನೆರೆದಿತ್ತು. ಹಲಗೆಯವರು ಹಲಗೆ ಬಾರಿಸುತ್ತಿದ್ದರು. ಪರಶಪ್ಪನ ಗೆಳೆಯ ಕಾಶೀಂಸಾಬ ಅಳಿಯನಿಗೆಂದು ಜರಿ ರುಮಾಲು ತಂದಿದ್ದ. ಬಸ್ಸಿನಿಂದ ಮೊದಲು ಇಳಿದ ತರುಣನ ಕೊರಳಿಗೆ ರೇಣವ್ವ ಹಾರ ಹಾಕಿಯೇಬಿಟ್ಟಳು. ಅವನು ರೋಣದ ಮೀಟರ್ ರೀಡರ್; ಹಿಂದೆಯೇ ಅವನ ಹೆಂಡತಿ ಇಳಿದಳು. ಅವಳಿಗೆ ಸಮಾಧಾನ ಹೇಳಿ ಹಾರ ಬಿಡಿಸಿಕೊಳ್ಳುವಷ್ಟರಲ್ಲಿ ಅರ್ಧ ಹೂವು ಉದುರಿದ್ದವು.

ಕೊನೆಗೆ ಭಾರತಿ ಇಳಿದಳು. ಜೊತೆಗೆ ಕನ್ನಡಕದ ಒಬ್ಬ ಹುಡುಗಿ.

“ಸಿದ್ದ ಎಲ್ಲ್ಯವಾ?” ಎಂದ ಪರಶಪ್ಪ.

“ಸಿದ್ದ ಅಲ್ಲಪ್ಪಾ, ಶ್ರದ್ಧಾ. ಇಕೀನೇ.”

ಹಲಗೆ ನಿಂತಿತು.

“ಎಂಟ ವರ್ಷ ನಿನಗ ಹೇಳಾಕ ಅಂಜಿದ್ನಿ,” ಭಾರತಿಯ ದನಿ ಒದ್ದೆಯಾಗಿತ್ತು. “ಕಾಯ್ದೆ ಇನ್ನೂ ನಮ್ಮ ಲಗ್ನ ಒಪ್ಪಿಲ್ಲ. ಒಪ್ಪಬೇಕಂತ ಹುಬ್ಬಳ್ಳಿಯಾಗ ಮೆರವಣಿಗಿ ತೆಗೆದು ಕೂಗಿ ಕೂಗಿ ಗಂಟಲ ಬಿದ್ದೈತಿ. ನೀ ಒಂದ ಮಾತಿಗೆ ಹೂಂ ಅಂದಿ!”

‘ನನಗ ಕೇಳಿಸಿರಲಿಲ್ಲ’ ಎಂಬ ಮಾತು ಪರಶಪ್ಪನ ನಾಲಿಗೆಯ ತುದಿಗೆ ಬಂತು. ಮಗಳ ಮುಖ ನೋಡಿದ. ಅಷ್ಟು ಹಗುರಾದ ಮುಖವನ್ನು ಅವನು ಆಕೆ ಸಣ್ಣವಳಿದ್ದಾಗ ನೋಡಿದ್ದೇ ಕೊನೆ. ಮಾತನ್ನು ನುಂಗಿಕೊಂಡ. ಕಾಶೀಂಸಾಬನ ಕೈಯಿಂದ ರುಮಾಲು ಇಸಿದುಕೊಂಡು ಶ್ರದ್ಧಾಳ ತಲೆಗೆ ಸುತ್ತಿದ.

“ಅಣ್ಣಾ, ಇಬ್ರೂ ಹುಡುಗ್ಯಾರ...” ರೇಣವ್ವ ರಾಗ ಎಳೆದಳು.

“ನನಗ ಯಾವಾಗೋ ಗೊತ್ತಿತ್ತು,” ಎಂದಳು ಗುಡ್ಡವ್ವ. “ಹೋಳಿಗಿ ಅದನ್ನೆಲ್ಲ ಕೇಳಂಗಿಲ್ಲ. ನಡಿ, ಆರತಾವ.”

ಹಲಗೆ ಮತ್ತೆ ಶುರುವಾಯಿತು.

ಊಟಕ್ಕೆ ಕೂತಾಗ ಶ್ರದ್ಧಾ ಕಣ್ಣೊರೆಸಿಕೊಳ್ಳುತ್ತ ಹೇಳಿದಳು: “ಮಾವಾರ, ನಿಮ್ಮಂಥಾವರು ಸಿಗೂದು ಭಾಳ ಕಮ್ಮಿರಿ. ಅದಕ್ಕ ನಮ್ಮವ್ವಗೂ ಫೋನ್ ಮಾಡಿ ಹೇಳೇನಿ, ಭಾರತಿ ಅಪ್ಪಾರು ನಾಳೆ ನರಗುಂದಕ್ಕ ಬಂದು ಎಲ್ಲಾ ತಿಳಿಸಿ ಹೇಳ್ತಾರಂತ.”

“ಏನ ತಿಳಿಸೂದವಾ?”

“ಅವ್ವಗ ಇನ್ನೂ ಏನೂ ಗೊತ್ತಿಲ್ರಿ.”

ಪರಶಪ್ಪ ಬಾಯಿಗೆ ಒಯ್ದ ಹೋಳಿಗೆಯನ್ನು ತಿರುಗಿ ತಾಟಿಗೆ ಇಟ್ಟ. “ಭಾಳ ಸಿಟ್ಟಿನವರೇನು?”

“ಸಿಟ್ಟಿಲ್ರಿ. ಮೂವತ್ತ ವರ್ಷ ಸಾಲಿ ಕಲಿಸ್ಯಾರ. ಪ್ರಶ್ನಿ ಕೇಳ್ತಾರ, ಅಷ್ಟ. ಉತ್ತರ ಬರೂತನಕ ನಿಂದರಸ್ತಾರ.”

ಪರಶಪ್ಪ ದಿಕ್ಕು ಕಾಣದೆ ಹೆಂಡತಿಯ ಕಡೆ ನೋಡಿದ. ಗುಡ್ಡವ್ವ ಅವನ ತಾಟಿಗೆ ಇನ್ನೊಂದು ಹೋಳಿಗೆ ಹಾಕಿ, ಮೇಲೆ ತುಪ್ಪ ಸುರಿದಳು.

“ತಿನ್ನು. ನಾಳೆ ನಿಂದರಾಕ ತಾಕತ್ತ ಬೇಕು.”